ಶಿಲ್ಕು ಎಷ್ಟಿದೆ? ಕಂಪ್ಯೂಟರ್ ಮೆಮೊರಿಗೆ ಲೆಕ್ಕ ಬರೆದವರ ಕಥೆ

ಈ ಸಂಚಿಕೆಯನ್ನು ಅಂತರಘಟ್ಟೆಯ ನಮ್ಮ ಮನೆಯ ಅಟ್ಟದಲ್ಲಿ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಹಿಂದೆ ಆಗಾಗ ಗೆಜ್ಜೆ ಸದ್ದು ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ. ಅಂತರಘಟ್ಟಮ್ಮನ ಜಾತ್ರೆ ಹತ್ತಿರ ಬಂತು. ಸುತ್ತಲ ತಾಲ್ಲೂಕುಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರೋ ಹೊತ್ತು. ಪಾನಕದ ಗಾಡಿ ಅಂದ್ರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಾತ್ರೆ ಅಂದ್ರೆ ಈಗ ಬ್ಯಾನರ್ ಕೂಡ. ಅಜ್ಜಂಪುರದಲ್ಲಿ ನಮ್ಮ ಚಿಕ್ಕಪ್ಪನದು ಒಂದು ಬ್ಯಾನರ್ ಡಿಸೈನ್ ಅಂಗಡಿ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಮಾಡಿದ ಮೇಲೆ ಬಟ್ಟೆ ಬ್ಯಾನರಿಗೆ ಬಂದವರು ಅವರು. ಆದರೂ ಊರಲ್ಲಿ ಎಲ್ಲರೂ ಅದನ್ನ 'ಫ್ಲೆಕ್ಸ್ ಅಂಗಡಿ' ಅಂತಲೇ ಕರೀತಾರೆ. ಹೋದ ವರ್ಷ ಜಾತ್ರೆಗೆ 4 ದಿನ ಇದೆ ಅನ್ನುವಾಗ ರಾತ್ರಿ 11 ಗಂಟೆಗೆ ಅವರ ಫೋನ್ ಬಂತು. 'ಕಂಪ್ಯೂಟರ್ ಸತ್ತೇ ಹೋಗೈತೆ ಕಣೋ. ಮೌಸ್ ಅಲ್ಲಾಡಿಸಿದ್ರೆ ಬಾಣ 10 ಸೆಕೆಂಡ್ ಆದ್ಮೇಲೆ ಅಲ್ಲಾಡುತ್ತೆ. ಫೋಟೊಶಾಪ್ ಏನೋ ಡಿಸ್ಕ್ ತುಂಬಿದೆ ಅಂತೈತೆ. ಹೊಸದು ತಗೊಳ್ಳೋದೇ ಅಂತ ಹೇಳ್ತಾರೆ, 65 ಸಾವಿರ ಅಂತೆ.'

65 ಸಾವಿರ ಅಂದ್ರೆ ಆ ಅಂಗಡಿಗೆ ಜಾತ್ರೆ ಸೀಸನ್ನಿನ ಪೂರ್ತಿ ಲಾಭಕ್ಕಿಂತ ಜಾಸ್ತಿ. ಸಂಘದಲ್ಲಿ ಸಾಲ ಎತ್ತೋದಕ್ಕೆ ಅರ್ಜಿ ಕೂಡ ಬರೆದಿಟ್ಟಿದ್ರು.

ನಾನು ಬಿ.ಕಾಂ ಓದಿದವನು. ಕಂಪ್ಯೂಟರ್ ರಿಪೇರಿ ನನ್ನ ಕೆಲಸ ಅಲ್ಲ. ಪಾಡ್‌ಕಾಸ್ಟ್ ಎಡಿಟ್ ಮಾಡೋದಕ್ಕೆ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರ ಜೊತೆ ಗುದ್ದಾಡಿ ಕಲಿತದ್ದಷ್ಟೇ ಗೊತ್ತು. ಆದರೆ ಕಾಮರ್ಸ್ ಓದಿದವನಿಗೆ ಒಂದು ಅಭ್ಯಾಸ ಬಂದುಬಿಡುತ್ತೆ. 'ದುಡ್ಡು ಸಾಲ್ತಾ ಇಲ್ಲ' ಅಂತ ಯಾರಾದ್ರೂ ಹೇಳಿದ್ರೆ ಮೊದಲು ಕಿರ್ದಿ ಪುಸ್ತಕ ಕೇಳ್ತೀವಿ. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಶಿಲ್ಕು ಎಷ್ಟು? ಆ ರಾತ್ರಿ ನಾನು ಮಾಡಿದ್ದು ಅದನ್ನೇ. ಕಂಪ್ಯೂಟರಿನ ಕಿರ್ದಿ ತೋರಿಸೋ ಸಣ್ಣ, ಪುಕ್ಕಟೆ ಸಾಧನಗಳನ್ನ ತೆಗೆದು ನೋಡಿದೆ. ಆಮೇಲೆ ಒಂದು ಪ್ರಶ್ನೆ ತಲೆಗೆ ಹತ್ತಿಕೊಳ್ತು: ಈ ಲೆಕ್ಕದ ಪುಸ್ತಕ ಬರೆದವರು ಯಾರು? ಪುಕ್ಕಟೆ ಯಾಕೆ ಕೊಟ್ರು? ಅದನ್ನ ಹುಡುಕಿಕೊಂಡು ಹೋದದ್ದೇ ಇವತ್ತಿನ ಸಂಚಿಕೆ. ಅಂಗಡಿ ಕಥೆಗೆ ಕೊನೆಗೆ ವಾಪಸ್ ಬರ್ತೀನಿ.

ಮೊದಲು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಬೇಕು. 1962ರ ಡಿಸೆಂಬರ್. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್‌ಬರ್ನ್ ಅವರ ತಂಡ ಫೆರಾಂಟಿ ಕಂಪನಿ ಜೊತೆ ಸೇರಿ ಕಟ್ಟಿದ 'ಅಟ್ಲಾಸ್' ಅನ್ನೋ ಯಂತ್ರ ಕೆಲಸ ಶುರು ಮಾಡ್ತು. ವೇಗದ ಮೆಮೊರಿ ಅದರಲ್ಲಿ 16 ಸಾವಿರ ಪದದಷ್ಟು ಮಾತ್ರ. ಪಕ್ಕದಲ್ಲಿ ಗಿರಗಿರ ತಿರುಗೋ ಡ್ರಮ್‌ನಲ್ಲಿ ಇನ್ನೊಂದು 96 ಸಾವಿರ. ಡ್ರಮ್ ನಿಧಾನ, ಆದರೆ ಅಗ್ಗ. ಕಿಲ್‌ಬರ್ನ್ ತಂಡ ಮಾಡಿದ ಚಮತ್ಕಾರ ಏನಪ್ಪಾ ಅಂದ್ರೆ, ಪ್ರೋಗ್ರಾಂ ಬರೆಯೋನಿಗೆ ಎರಡೂ ಸೇರಿ ಒಂದೇ ದೊಡ್ಡ ಮೆಮೊರಿ ಥರ ಕಾಣೋ ಹಾಗೆ ಮಾಡಿದ್ದು. ನಮ್ಮ ಹಳೇ ಮನೆಗಳಲ್ಲಿ ಅಡುಗೆಮನೆ ಡಬ್ಬದಲ್ಲಿ ವಾರದ ರಾಗಿ, ಅಂಗಳದ ಹಗೇವಿನಲ್ಲಿ ವರ್ಷದ ರಾಗಿ ಇರ್ತಿತ್ತಲ್ಲ, ಹಾಗೆ. ಅಡುಗೆ ಮಾಡೋರಿಗೆ ಡಬ್ಬ ಕಂಡರೆ ಸಾಕು. ಖಾಲಿ ಆದಾಗ ಹಗೇವಿನಿಂದ ತಂದು ತುಂಬೋದು ಇನ್ಯಾರದೋ ಕೆಲಸ. ವರ್ಚುವಲ್ ಮೆಮೊರಿ ಅಂತ ಇವತ್ತು ಕರೆಯೋದರ ಶುರು ಇದೇ.

ಇದರಲ್ಲೊಂದು ತೊಂದರೆ ಇದೆ. ದಿನಕ್ಕೊಂದು ಸಲ ಹಗೇವು ತೆಗೆದರೆ ಸರಿ. ಒಂದು ಹಿಡಿ ರಾಗಿಗೆ ಸಲಸಲಕ್ಕೂ ಹಗೇವು ತೆಗೆದು ಮುಚ್ಚೋದಾದ್ರೆ? ಮನೆಯವರೆಲ್ಲ ಹಗೇವಿನ ಬಾಯಲ್ಲೇ ನಿಂತಿರ್ತಾರೆ, ಒಲೆ ಮಾತ್ರ ಹತ್ತಲ್ಲ. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಎರಡು ಪ್ರಬಂಧ ಬರೆದು ಇದನ್ನ ವಿವರಿಸಿದ್ರು. ಈ ಸ್ಥಿತಿಗೆ ಹೆಸರು 'ಥ್ರ್ಯಾಶಿಂಗ್'. ಡೆನ್ನಿಂಗ್ ತೋರಿಸಿದ ಮುಖ್ಯ ಸಂಗತಿ ಅಂದ್ರೆ ಇದು ಮೆಲ್ಲಗೆ ಬರೋ ಕಾಯಿಲೆ ಅಲ್ಲ. ಒಂದು ಮಟ್ಟದ ತನಕ ಎಲ್ಲ ಚೆನ್ನಾಗಿರುತ್ತೆ, ಅದನ್ನ ದಾಟಿದ ತಕ್ಷಣ ಯಂತ್ರ ದಿಢೀರ್ ಅಂತ ಕುಸಿಯುತ್ತೆ. ಚಿಕ್ಕಪ್ಪ 'ಬೆಳಗ್ಗೆ ತನಕ ಚೆನ್ನಾಗಿತ್ತು ಕಣೋ, ಒಂದೇ ಸಲಕ್ಕೆ ಸತ್ತೋಯ್ತು' ಅಂದ್ರಲ್ಲ, ಅದಕ್ಕೆ 1968ರಲ್ಲೇ ವಿವರಣೆ ಇತ್ತು. ಒಂದು ಪ್ರೋಗ್ರಾಂ ಸದ್ಯಕ್ಕೆ ನಿಜವಾಗಿ ಕೈಯಾಡಿಸ್ತಿರೋ ಪುಟಗಳ ಗುಂಪಿಗೆ ಡೆನ್ನಿಂಗ್ 'ವರ್ಕಿಂಗ್ ಸೆಟ್' ಅಂತ ಹೆಸರಿಟ್ಟರು. ಅದೇ ಹೆಸರು ಇವತ್ತಿಗೂ ವಿಂಡೋಸ್‌ನ ಲೆಕ್ಕದ ಕಾಲಮ್ಮಿನಲ್ಲಿ ಹಾಗೇ ಕೂತಿದೆ.

ಕಾಯಿಲೆಗೆ ಹೆಸರೇನೋ ಸಿಕ್ತು. ಅದನ್ನ ಕಣ್ಣಾರೆ ನೋಡೋ ಕನ್ನಡಕ ಬೇಕಲ್ಲ? 1984ರಲ್ಲಿ ವಿಲಿಯಂ ಲಫೀವ್ರ್ ಅನ್ನೋರು ಯೂನಿಕ್ಸ್ ಯಂತ್ರಗಳಿಗೆ 'ಟಾಪ್' ಅಂತ ಒಂದು ಪುಟ್ಟ ಪ್ರೋಗ್ರಾಂ ಬರೆದ್ರು. ಯಾವ ಪ್ರೋಗ್ರಾಂ ಎಷ್ಟು ತಿಂತಿದೆ ಅಂತ ಪಟ್ಟಿ ಮಾಡಿ, ಜಾಸ್ತಿ ತಿನ್ನೋದನ್ನ ಮೇಲಿಟ್ಟು, ಕೆಲವು ಸೆಕೆಂಡಿಗೊಮ್ಮೆ ಹೊಸದಾಗಿ ತೋರಿಸುತ್ತೆ. ಅಷ್ಟೇ. ಪುಕ್ಕಟೆ ಹಂಚಿದ್ರು. 40 ವರ್ಷ ದಾಟಿದ ಮೇಲೂ ಲಿನಕ್ಸ್ ಹಾಕಿದ ಯಾವುದೇ ಯಂತ್ರದಲ್ಲಿ ಟರ್ಮಿನಲ್ ತೆಗೆದು ಆ ಮೂರಕ್ಷರ ಒತ್ತಿ ನೋಡಿ, ಬರುತ್ತೆ. 2004ರಲ್ಲಿ ಬ್ರೆಜಿಲ್‌ನ ಹಿಶಾಮ್ ಮುಹಮ್ಮದ್ ಅದಕ್ಕೆ ಬಣ್ಣದ ಪಟ್ಟಿಗಳನ್ನ ಹಾಕಿ 'ಎಚ್‌ಟಾಪ್' ಮಾಡಿದ್ರು. ನನ್ನ ಲ್ಯಾಪ್‌ಟಾಪಿನಲ್ಲಿ ಈಗ, ಈ ರೆಕಾರ್ಡಿಂಗ್ ಹಿಂದೆ, ಓಡ್ತಿರೋದು ಅದೇ.

ಇದೆಲ್ಲ ಯೂನಿಕ್ಸ್ ಲೋಕದ ಮಾತಾಯ್ತು. ನಮ್ಮ ಪೇಟೆಗಳ ಅಕ್ಷರ ಜೋಡಿಸೋ ಅಂಗಡಿಗಳಿಗೆ ಕಂಪ್ಯೂಟರ್ ಬಂದಾಗ ಅದರಲ್ಲಿದ್ದದ್ದು ವಿಂಡೋಸ್. ಪೇಜ್‌ಮೇಕರ್, ಕೋರೆಲ್‌ಡ್ರಾ, ಆಮೇಲೆ ಫೋಟೊಶಾಪ್. ಕನ್ನಡಕ್ಕೆ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಪುಕ್ಕಟೆಯಾಗಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಮದುವೆ ಪತ್ರಿಕೆ, ಕರಪತ್ರ, ನಾಮಕರಣದ ಕಾರ್ಡು ಎಲ್ಲ ಈ ಸಾಮಾನುಗಳಲ್ಲೇ ಹುಟ್ಟಿದ್ದು. ಪೇಜ್‌ಮೇಕರ್ 2001ರ 7ನೇ ಆವೃತ್ತಿಗೆ ನಿಂತೇ ಹೋಯ್ತು. ಅದಕ್ಕೆ ಯೂನಿಕೋಡ್ ಬರಲ್ಲ, ಹಾಗಾಗಿ ಹಳೇ ನುಡಿ ಫಾಂಟ್, ಹಳೇ ಪೇಜ್‌ಮೇಕರ್, ಹಳೇ ಕಂಪ್ಯೂಟರ್ ಮೂರೂ ಒಂದಕ್ಕೊಂದು ಅಂಟಿಕೊಂಡು ಬಿಟ್ಟವು. ಒಂದನ್ನ ಬದಲಾಯಿಸೋಕೆ ಹೋದ್ರೆ ಇನ್ನೆರಡು ಬಿಡಲ್ಲ. ಹಳೇ ಯಂತ್ರವನ್ನೇ ಸವರಿ ಸವರಿ ಓಡಿಸೋದು ನಮ್ಮ ಕಡೆ ಜಿಪುಣತನ ಅಲ್ಲ. ಬೇರೆ ದಾರಿ ಇರಲಿಲ್ಲ.

ಆ ಕಾಲದ ವಿಂಡೋಸ್‌ನಲ್ಲಿ ಇನ್ನೊಂದು ತಮಾಷೆ ಇತ್ತು. 1992ರ ವಿಂಡೋಸ್ 3.1ರಲ್ಲಿ ಕಿಟಕಿಗಳು, ಫಾಂಟು, ಬ್ರಷ್ಷು, ಗುಂಡಿಗಳ ಲೆಕ್ಕ ಇಡೋದಕ್ಕೆ 64 ಕೆಬಿಯ ಪುಟ್ಟ ಪೆಟ್ಟಿಗೆಗಳಿದ್ದವು. ನೀವು ಎಷ್ಟೇ ರ‍್ಯಾಮ್ ಹಾಕಿಸಿ, ಆ ಪೆಟ್ಟಿಗೆ ತುಂಬಿದ್ರೆ 'ಮೆಮೊರಿ ಸಾಲದು' ಅಂತ ಬೋರ್ಡು ಬೀಳ್ತಿತ್ತು. ವಿಂಡೋಸ್ 95ಕ್ಕೂ ಆ ಬಳುವಳಿ ಸ್ವಲ್ಪ ಬಂತು. ಹತ್ತಾರು ಫಾಂಟ್ ತೆರೆದಿಟ್ಟುಕೊಂಡು ಕೂರೋ ಡಿಟಿಪಿಯವರಿಗೆ ಎಂಥ ಬವಣೆ ಯೋಚಿಸಿ. ಅದರ ಜೊತೆಗೇ 'ರಿಸೋರ್ಸ್ ಮೀಟರ್' ಅಂತ ಒಂದು ಪುಟಾಣಿ ಸಾಧನ ಇತ್ತು, ಗಡಿಯಾರದ ಪಕ್ಕ ಕೂತು ಆ ಪೆಟ್ಟಿಗೆಗಳಲ್ಲಿ ಇನ್ನೆಷ್ಟು ಜಾಗ ಅಂತ ಶೇಕಡಾದಲ್ಲಿ ತೋರಿಸೋದು. ಸಾಮಾನ್ಯ ಜನರ ಕಂಪ್ಯೂಟರಿಗೆ ಬಂದ ಮೊದಮೊದಲ ಮೆಮೊರಿ ಮೀಟರುಗಳಲ್ಲಿ ಅದೊಂದು. ಬಹಳ ಜನಕ್ಕೆ ಅದು ಇರೋದೇ ಗೊತ್ತಿರಲಿಲ್ಲ.

ಈಗ ನನಗೆ ಬಹಳ ಇಷ್ಟವಾದ ಭಾಗ. 1995ರ ವಂಚನೆ.

ಆ ವರ್ಷ ಅಮೆರಿಕದಲ್ಲಿ ಒಂದು ಎಂಬಿ ರ‍್ಯಾಮಿಗೆ 30 ಡಾಲರಿನ ಆಸುಪಾಸು ಬೆಲೆ. ಜಿಬಿ ಅಲ್ಲ, ಎಂಬಿ. ವಿಂಡೋಸ್ 95 ಸರಿಯಾಗಿ ಓಡೋದಕ್ಕೆ 8 ಎಂಬಿ ಬೇಕು, ಬಹಳ ಜನರ ಹತ್ತಿರ ಇದ್ದದ್ದು 4. ಕ್ಯಾಲಿಫೋರ್ನಿಯಾದ ಸಿಂಕ್ರೋನಿಸ್ ಅನ್ನೋ ಕಂಪನಿ 'ಸಾಫ್ಟ್‌ರ‍್ಯಾಮ್ 95' ಅಂತ ಒಂದು ಸಾಫ್ಟ್‌ವೇರ್ ತಂತು. ನಿಮ್ಮ 4 ಎಂಬಿಯನ್ನ ಹಿಂಡಿ ಅಡಕ ಮಾಡಿ 8 ಮಾಡ್ತೀವಿ ಅಂತ ಮಾತು. ಬೆಲೆ ಒಂದು ಎಂಬಿ ರ‍್ಯಾಮಿನಷ್ಟೇ. 6 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯ್ತು. ಹಾಕಿಕೊಂಡರೆ ಪರದೆ ಮೇಲೆ ಚೆಂದದ ಮೀಟರ್: ನಿಮ್ಮ ಮೆಮೊರಿ ಇಷ್ಟು ಪಟ್ಟು ಹೆಚ್ಚಾಗಿದೆ!

ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಗೆ ಅನುಮಾನ ಬಂತು. ಅಮೆರಿಕದಲ್ಲಿ ಮಾರ್ಕ್ ರುಸಿನೋವಿಚ್, ಬ್ರೈಸ್ ಕಾಗ್ಸ್‌ವೆಲ್ ಅನ್ನೋ ಇಬ್ಬರು, ಆ್ಯಂಡ್ರ್ಯೂ ಶುಲ್‌ಮನ್ ಅನ್ನೋ ಲೇಖಕರ ಜೊತೆ ಸೇರಿ, ಅದನ್ನ ತುಂಡು ತುಂಡಾಗಿ ಬಿಚ್ಚಿ ನೋಡಿದ್ರು. ಒಳಗೆ ಸಿಕ್ಕಿದ್ದೇನು? ಅಡಕ ಮಾಡ್ತೀನಿ ಅಂದ ಜಾಗದಲ್ಲಿ ಅಡಕವೇ ಇಲ್ಲ. ಡೇಟಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೇ ನಕಲಾಗ್ತಿತ್ತು. ಮೀಟರಿನಲ್ಲಿ ಕಾಣ್ತಿದ್ದ ಸಂಖ್ಯೆಗೂ ನಿಜಕ್ಕೂ ಸಂಬಂಧ ಇರಲಿಲ್ಲ. ನಮ್ಮ ಭಾಷೇಲಿ ಹೇಳಬೇಕಂದ್ರೆ ಶಿಲ್ಕು ಪುಸ್ತಕದಲ್ಲಿ ಸುಮ್ಮನೆ ಸೊನ್ನೆ ಸೇರಿಸಿದ್ದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಬಂತು, 1996ರಲ್ಲಿ ಕಂಪನಿ ರಾಜಿಗೆ ಒಪ್ಪಿಕೊಳ್ತು. 10 ವರ್ಷ ಕಳೆದ ಮೇಲೆ, 2006ರಲ್ಲಿ, 'ಪಿಸಿ ವರ್ಲ್ಡ್' ಪತ್ರಿಕೆ ಸಾರ್ವಕಾಲಿಕ ಕೆಟ್ಟ ತಂತ್ರಜ್ಞಾನ ಉತ್ಪನ್ನಗಳ ಪಟ್ಟಿ ಮಾಡಿದಾಗ ಇದಕ್ಕೆ 3ನೇ ಸ್ಥಾನ.

ಕಲ್ಪನೆ ಮಾತ್ರ ಸುಳ್ಳಾಗಿರಲಿಲ್ಲ, ಅದೂ ಹೇಳಬೇಕು. ಮೆಮೊರಿಯಲ್ಲಿರೋದನ್ನ ನಿಜವಾಗಿ ಅಡಕ ಮಾಡಬಹುದು. ಕನೆಕ್ಟಿಕ್ಸ್ ಅನ್ನೋ ಕಂಪನಿ 1994ರಲ್ಲೇ ಮ್ಯಾಕ್ ಯಂತ್ರಗಳಿಗೆ ಅಂಥದ್ದನ್ನ ಮಾಡಿ ಮಾರಿತ್ತು, ಅದು ಕೆಲಸ ಮಾಡ್ತಿತ್ತು. 2013ರಲ್ಲಿ ಆ್ಯಪಲ್, 2015ರಲ್ಲಿ ವಿಂಡೋಸ್ 10 ಅದನ್ನ ಆಪರೇಟಿಂಗ್ ಸಿಸ್ಟಂ ಒಳಗೇ ಸೇರಿಸಿಬಿಟ್ಟವು. ಸಾಫ್ಟ್‌ರ‍್ಯಾಮ್ ದುಡ್ಡು ತಗೊಂಡು ಮಾಡದೇ ಇದ್ದ ಕೆಲಸ ಈಗ ಎಲ್ಲರ ಕಂಪ್ಯೂಟರಿನಲ್ಲೂ ಸದ್ದಿಲ್ಲದೆ ಪುಕ್ಕಟೆ ನಡೀತಿದೆ.

ವಂಚನೆ ಬಯಲಿಗೆಳೆದ ಆ ಇಬ್ಬರು, ರುಸಿನೋವಿಚ್ ಮತ್ತು ಕಾಗ್ಸ್‌ವೆಲ್, 1996ರಲ್ಲಿ ಒಂದು ವೆಬ್‌ಸೈಟ್ ತೆರೆದ್ರು. ಅದೇ ಮುಂದೆ 'ಸಿಸ್‌ಇಂಟರ್ನಲ್ಸ್' ಆಯ್ತು. ವಿಂಡೋಸ್ ಹೊಟ್ಟೆಯೊಳಗೆ ಏನು ನಡೀತಿದೆ ಅಂತ ತೋರಿಸೋ ಪುಟ್ಟ ಪುಟ್ಟ ಸಾಧನಗಳನ್ನ ಅಲ್ಲಿ ಪುಕ್ಕಟೆ ಹಾಕ್ತಾ ಹೋದ್ರು. ಪ್ರೊಸೆಸ್ ಎಕ್ಸ್‌ಪ್ಲೋರರ್ ಅವುಗಳಲ್ಲಿ ಹೆಸರುವಾಸಿ. ಇನ್‌ಸ್ಟಾಲ್ ಮಾಡೋ ಗೊಡವೆ ಇಲ್ಲ, ಪೆನ್‌ಡ್ರೈವಿನಲ್ಲಿ ಹಾಕ್ಕೊಂಡು ಹೋಗಿ ಎರಡು ಸಲ ಕ್ಲಿಕ್ ಮಾಡಿದ್ರೆ ಆಯ್ತು. ದುಡ್ಡಿನ ದಾರಿ ಬೇರೆ ಇತ್ತು: ದೊಡ್ಡ ಕಂಪನಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾರೋ ವಿಂಟರ್ನಲ್ಸ್ ಅನ್ನೋ ಸಂಸ್ಥೆ ನಡೆಸ್ತಿದ್ರು. 2006ರ ಜುಲೈನಲ್ಲಿ ಮೈಕ್ರೋಸಾಫ್ಟ್ ಎರಡನ್ನೂ ಕೊಂಡುಕೊಳ್ತು. ಪುಕ್ಕಟೆ ಸಾಧನಗಳು ಪುಕ್ಕಟೆಯಾಗೇ ಉಳಿದವು. 'ಪುಕ್ಕಟೆ ಯಾಕೆ ಕೊಟ್ರು' ಅಂತ ಶುರುವಿನಲ್ಲಿ ಕೇಳಿದ್ನಲ್ಲ, ನನಗೆ ಸಿಕ್ಕ ಉತ್ತರ ಇದು. ಬೇರೆ ಕಡೆ ದುಡಿಮೆ ಇದ್ದವರು, ಸುಳ್ಳು ಮೀಟರ್ ಕಂಡು ಸಿಟ್ಟಾದವರು, ನಿಜವಾದ ಮೀಟರ್ ಮಾಡಿ ಇಟ್ಟರು. ಸಿಟ್ಟು ಅನ್ನೋದು ನನ್ನ ಊಹೆ, ಆದರೆ ಕೆಲಸ ನೋಡಿದ್ರೆ ಹಾಗೇ ಅನ್ಸುತ್ತೆ.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಮೈಕ್ರೋಸಾಫ್ಟ್ ಒಳಗೆ ಡೇವ್ ಪ್ಲಮರ್ ಅನ್ನೋ ಎಂಜಿನಿಯರ್ ತಮ್ಮ ಮನೇಲಿ ಕೂತು ಒಂದು ಪ್ರೋಗ್ರಾಂ ಬರೀತಿದ್ರು. ಅದು ನಮಗೆಲ್ಲ ಗೊತ್ತಿರೋ ಟಾಸ್ಕ್ ಮ್ಯಾನೇಜರ್. 1996ರ ವಿಂಡೋಸ್ ಎನ್‌ಟಿ 4 ಜೊತೆ ಬಂತು. ಮೊದಲ ಆವೃತ್ತಿ 80 ಕೆಬಿಯ ಆಸುಪಾಸು. ಇವತ್ತು ವಾಟ್ಸ್ಆ್ಯಪಿನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅದಕ್ಕಿಂತ ದಪ್ಪ ಇರುತ್ತೆ. ಯಾಕಷ್ಟು ಸಣ್ಣ? ಮನೆಗೆ ಬೆಂಕಿ ಬಿದ್ದಾಗ ಬರೋ ನೀರಿನ ಗಾಡಿ ಓಣಿಯೊಳಗೆ ನುಗ್ಗೋ ಹಾಗಿರಬೇಕು ತಾನೆ? ಮೆಮೊರಿ ಪೂರ್ತಿ ಮುಗಿದಿರೋ ಹೊತ್ತಲ್ಲೇ ಈ ಸಾಧನ ತೆರೆದುಕೊಳ್ಳಬೇಕು. ಸಂಪನ್ಮೂಲ ತೀರಾ ಕಮ್ಮಿ ಇದ್ರೆ ಮೈ ಕುಗ್ಗಿಸಿಕೊಂಡು ಬರೋ ಹಾಗೆ, ಮೊದಲೇ ತೆರೆದ ಒಂದು ಪ್ರತಿ ಹ್ಯಾಂಗ್ ಆಗಿದ್ರೆ ಇನ್ನೊಂದು ತೆರೆಯೋ ಹಾಗೆ ಪ್ಲಮರ್ ಬರೆದಿದ್ರು. ಈಗಿನ ಕೆಲವು ಬಣ್ಣಬಣ್ಣದ ಮಾನಿಟರಿಂಗ್ ಆ್ಯಪ್‌ಗಳನ್ನ ನೋಡಿದ್ರೆ ನಗು ಬರುತ್ತೆ. ಮೆಮೊರಿ ಎಷ್ಟು ಖರ್ಚಾಗ್ತಿದೆ ಅಂತ ತೋರಿಸೋಕೆ ಅವೇ ನೂರಾರು ಎಂಬಿ ತಿಂತವೆ. ಆಡಿಟರ್ ಫೀಸೇ ಅಂಗಡಿ ಲಾಭಕ್ಕಿಂತ ಜಾಸ್ತಿ ಆದ ಹಾಗೆ.

ಇನ್ನೊಂದು ಗೊಂದಲ ಬಗೆಹರಿಸಿ ಅಂಗಡಿಗೆ ವಾಪಸ್ ಹೋಗೋಣ. 'ಫ್ರೀ ಮೆಮೊರಿ' ಅನ್ನೋ ಪದ. ನಮಗೆ ಫ್ರೀ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ಸುತ್ತೆ. ಆದರೆ ರ‍್ಯಾಮ್ ಖಾಲಿ ಬಿಟ್ಟು ಪ್ರಯೋಜನ ಇಲ್ಲ. ಗಲ್ಲಾಪೆಟ್ಟಿಗೇಲಿ ಸುಮ್ಮನೆ ಕೂತ ನೋಟಿಗೆ ಬಡ್ಡಿ ಬರಲ್ಲ. ಹಾಗಾಗಿ ಆಪರೇಟಿಂಗ್ ಸಿಸ್ಟಂ ಖಾಲಿ ಜಾಗದಲ್ಲಿ ನೀವು ಇತ್ತೀಚೆಗೆ ತೆರೆದ ಫೈಲುಗಳನ್ನ ಇಟ್ಟುಕೊಂಡಿರುತ್ತೆ, ಬೇರೆಯವರು ಕೇಳಿದ ತಕ್ಷಣ ಬಿಟ್ಟುಕೊಡುತ್ತೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಫ್ರೀ ಅನ್ನೋ ಜಾಗದಲ್ಲಿ ಸೊನ್ನೆಗೆ ಹತ್ತಿರದ ಅಂಕಿ ನೋಡಿ ಜನ ಗಾಬರಿಯಾದದ್ದು ಇದಕ್ಕೇ. ಲಿನಕ್ಸ್‌ನಲ್ಲೂ ಇದೇ ಪಾಡು. ಕೊನೆಗೆ 2014ರಲ್ಲಿ ಲಿನಕ್ಸ್ ಕರ್ನೆಲ್ 3.14ರಲ್ಲಿ 'ಅವೈಲಬಲ್' ಅಂತ ಬೇರೆ ಒಂದು ಅಂಕಿಯನ್ನೇ ಸೇರಿಸಿದ್ರು. ಖಾಲಿ ಇರೋದಷ್ಟೇ ಅಲ್ಲ, ಕೇಳಿದ್ರೆ ಸಿಗೋದು ಎಷ್ಟು ಅನ್ನೋ ಲೆಕ್ಕ. ನೋಡಬೇಕಾದ್ದು ಅದನ್ನ. ವಿಂಡೋಸ್‌ನಲ್ಲೂ ಅದೇ ಹೆಸರಲ್ಲಿದೆ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ. ಅದರ ಪಕ್ಕ 'ಕಮಿಟೆಡ್' ಅಂತ ಇನ್ನೊಂದು ಅಂಕಿ ಇದೆ. ಕಾಮರ್ಸ್‌ನವರಿಗೆ ಅದು ತಕ್ಷಣ ಅರ್ಥವಾಗುತ್ತೆ: ಪ್ರೋಗ್ರಾಂಗಳಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿರೋ ಮೊತ್ತ. ಅದರ ಮಿತಿ ರ‍್ಯಾಮ್ ಮತ್ತು ಡಿಸ್ಕಿನಲ್ಲಿರೋ ಪೇಜ್‌ಫೈಲ್ ಎರಡೂ ಸೇರಿದ್ದು. ಕೈಲಿರೋ ರೊಕ್ಕ ಮತ್ತು ಸಾಲ ಸಿಗೋ ಮಿತಿ.

ಸರಿ, ಅಜ್ಜಂಪುರ. ರಾತ್ರಿ 12 ದಾಟಿತ್ತು. 8 ಜಿಬಿ ರ‍್ಯಾಮ್, ವಿಂಡೋಸ್ 10, ಹಳೇ ತಿರುಗೋ ಹಾರ್ಡ್‌ಡಿಸ್ಕ್. ಪರದೆ ಮೂಲೇಲಿ ಹಸಿರು ರಾಕೆಟ್ಟಿನ ಚಿತ್ರ ಇರೋ ಒಂದು 'ಬೂಸ್ಟರ್'. ಯಾರೋ ರಿಪೇರಿಗೆ ಬಂದವರು ವರ್ಷಕ್ಕೆ 900 ರೂಪಾಯಿ ಅಂತ ಹಾಕಿಕೊಟ್ಟಿದ್ರು. 5 ನಿಮಿಷಕ್ಕೊಂದು ಸಲ ಟಿಂಗ್ ಅನ್ನೋದು, '2 ಜಿಬಿ ಮುಕ್ತವಾಗಿದೆ' ಅನ್ನೋದು. ಚಿಕ್ಕಪ್ಪನಿಗೆ ಅದರ ಮೇಲೆ ಬಹಳ ಪ್ರೀತಿ. 'ಇದಿರೋದಕ್ಕೇ ಇಷ್ಟಾದ್ರೂ ಓಡ್ತೈತೆ' ಅಂದ್ರು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಡಿಸ್ಕ್ ಶೇಕಡಾ 100. ಅಲ್ಲಿಂದ ರಿಸೋರ್ಸ್ ಮಾನಿಟರ್. ವಿಂಡೋಸ್ 7ರಿಂದ ಒಳಗೇ ಕೂತಿರೋ ಸಾಧನ ಇದು, ಸ್ಟಾರ್ಟ್‌ನಲ್ಲಿ 'ರೆಸ್‌ಮಾನ್' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ಬರುತ್ತೆ. ಅದರ ಮೆಮೊರಿ ಪುಟದಲ್ಲಿ 'ಹಾರ್ಡ್ ಫಾಲ್ಟ್ಸ್' ಅಂತ ಒಂದು ಕಾಲಮ್. ಬೇಕಾದ ಪುಟ ರ‍್ಯಾಮಿನಲ್ಲಿ ಸಿಗದೆ ಡಿಸ್ಕಿಗೆ ಓಡಬೇಕಾದದ್ದು ಸೆಕೆಂಡಿಗೆ ಎಷ್ಟು ಸಲ ಅನ್ನೋ ಲೆಕ್ಕ, ಅಂದ್ರೆ ಹಗೇವು ತೆಗೆದದ್ದು ಎಷ್ಟು ಸಲ. ಸುಮ್ಮನೆ ನೋಡ್ತಾ ಕೂತೆವು. ರಾಕೆಟ್ ಟಿಂಗ್ ಅಂತು. ಫ್ರೀ ಅಂಕಿ ಜಿಗೀತು. ಚಿಕ್ಕಪ್ಪನ ಮುಖ ಅರಳ್ತು. ಮರುಕ್ಷಣ ಫೋಟೊಶಾಪಿನ ಮುಂದೆ ಹಾರ್ಡ್ ಫಾಲ್ಟ್ಸ್ ಗೆರೆ ಗೋಡೆ ಥರ ಎದ್ದು ನಿಂತು ಯಂತ್ರ ಕಲ್ಲಾಯ್ತು. 5 ನಿಮಿಷ ಆದ್ಮೇಲೆ ಮತ್ತೆ ಟಿಂಗ್, ಮತ್ತೆ ಗೋಡೆ.

ಬೂಸ್ಟರ್ ಮಾಡೋದು ಇಷ್ಟೇ. ಎಲ್ಲ ಪ್ರೋಗ್ರಾಂಗಳ ವರ್ಕಿಂಗ್ ಸೆಟ್ಟನ್ನ ಖಾಲಿ ಮಾಡಿ ಅಂತ ವಿಂಡೋಸ್‌ಗೆ ಹೇಳುತ್ತೆ. ಇನ್ನು ಕೆಲವು ಇಂಥವು ತಾವೇ ದೊಡ್ಡ ಮೊತ್ತದ ಮೆಮೊರಿ ಕೇಳಿ, ಉಳಿದವರನ್ನ ಆಚೆ ತಳ್ಳಿ, ಆಮೇಲೆ ಬಿಟ್ಟುಬಿಡ್ತವೆ. ಎರಡರಲ್ಲೂ ಶಿಲ್ಕು ಒಂದು ಕ್ಷಣ ದೊಡ್ಡದಾಗಿ ಕಾಣುತ್ತೆ. ಆದರೆ ಫೋಟೊಶಾಪ್‌ಗೆ ಆ ಪುಟಗಳು ಬೇಕೇ ಬೇಕು, ವಾಪಸ್ ತರಿಸ್ಕೊಳ್ಳುತ್ತೆ. ಅಡುಗೆ ನಡೀತಿರುವಾಗ ಡಬ್ಬ ಖಾಲಿ ಮಾಡಿ 'ನೋಡಿ ಎಷ್ಟು ಜಾಗ ಮಾಡಿಕೊಟ್ಟೆ' ಅಂದ ಹಾಗೆ. ಸಾಫ್ಟ್‌ರ‍್ಯಾಮ್ ಬಿಚ್ಚಿದ ಅದೇ ರುಸಿನೋವಿಚ್ ಇಂಥ ರ‍್ಯಾಮ್ ಆಪ್ಟಿಮೈಸರ್‌ಗಳೂ ಬೂಟಾಟಿಕೆ ಅಂತ ಬಹಳ ವರ್ಷದ ಹಿಂದೆ ಬರೆದಿದ್ದಾರೆ. (ಅವರದೇ 'ರ‍್ಯಾಮ್‌ಮ್ಯಾಪ್' ಅನ್ನೋ ಪುಕ್ಕಟೆ ಸಾಧನದಲ್ಲೂ ವರ್ಕಿಂಗ್ ಸೆಟ್ ಖಾಲಿ ಮಾಡೋ ಗುಂಡಿ ಇದೆ ಅನ್ನೋದು ಬೇರೆ ಮಾತು. ಅದು ಪರೀಕ್ಷೆ ಮಾಡೋರಿಗೆ. ಸುಮ್ಮನೆ ಒತ್ತಬೇಡಿ.)

ರಾಕೆಟ್ಟನ್ನ ಕಿತ್ತು ಹಾಕಿದೆವು. ಸ್ವಲ್ಪ ಉಸಿರಾಡ್ತು, ಆದರೂ ಭಾರ. ಆಗ ಫೋಟೊಶಾಪಿನ ಕೆಳಗಡೆ ಪಟ್ಟಿ ನೋಡಿದೆ. ಅಲ್ಲಿ 'ಎಫಿಷಿಯೆನ್ಸಿ' ಅಂತ ಆರಿಸಿಕೊಂಡ್ರೆ ಒಂದು ಶೇಕಡಾ ತೋರಿಸುತ್ತೆ. 100 ಇದ್ರೆ ಎಲ್ಲ ಕೆಲಸ ರ‍್ಯಾಮಿನಲ್ಲೇ ನಡೀತಿದೆ ಅಂತ, ಕಮ್ಮಿ ಆದ್ರೆ ಸ್ಕ್ರ್ಯಾಚ್ ಡಿಸ್ಕಿಗೆ ಹೋಗಿದೆ ಅಂತ. ಬೇರೆ ಸಾಧನವೇ ಬೇಕಿಲ್ಲ, ಕಣ್ಣೆದುರೇ ಇರುತ್ತೆ. ಪುಕ್ಕಟೆ ಸಾಫ್ಟ್‌ವೇರ್ ಬಳಸೋರಿಗೂ ಇದಿದೆ: ಗಿಂಪ್‌ನಲ್ಲಿ 2018ರ 2.10 ಆವೃತ್ತಿಯಿಂದ 'ಡ್ಯಾಶ್‌ಬೋರ್ಡ್' ಇದೆ, ಕ್ರಿತಾದಲ್ಲಿ ಕೆಳಗಿನ ಪಟ್ಟಿಯಲ್ಲೇ ಚಿತ್ರ ಎಷ್ಟು ಮೆಮೊರಿ ಹಿಡಿದಿದೆ ಅಂತ ಕಾಣುತ್ತೆ. ಚಿಕ್ಕಪ್ಪನ ಪರದೆಯಲ್ಲಿ ಎಫಿಷಿಯೆನ್ಸಿ 31.

ಫೈಲಿನ ಅಳತೆ ತೆಗೆದೆ. 20 ಅಡಿ ಅಗಲ, 10 ಅಡಿ ಎತ್ತರ, 300 ಡಿಪಿಐ. ಲೆಕ್ಕ ಹಾಕಿ ನೋಡಿ. 240 ಇಂಚನ್ನ 300ರಿಂದ ಗುಣಿಸಿದ್ರೆ 72,000. 120 ಇಂಚಿಗೆ 36,000. ಒಟ್ಟು 259 ಕೋಟಿ 20 ಲಕ್ಷ ಪಿಕ್ಸೆಲ್. ಸಿಎಂವೈಕೆ ಅಂದ್ರೆ ಒಂದು ಪಿಕ್ಸೆಲ್ಲಿಗೆ 4 ಬೈಟ್. ಹಿನ್ನೆಲೆಯ ಒಂದು ಪದರಕ್ಕೇ 10 ಜಿಬಿ ಹತ್ತಿರ. ಯಂತ್ರದಲ್ಲಿ ಇದ್ದದ್ದೇ 8. ಮಾಮೂಲಿ ಪಿಎಸ್‌ಡಿ ಫೈಲು ಒಂದು ಬದಿಗೆ 30,000 ಪಿಕ್ಸೆಲ್ ದಾಟಲ್ಲ. ಹಾಗಾಗಿ ಅಂಗಡಿ ಹುಡುಗ ಅದನ್ನ ಪಿಎಸ್‌ಬಿ ಅಂತ ಉಳಿಸಿದ್ದ. ಅಲ್ಲೇ ಅನುಮಾನ ಬರಬೇಕಿತ್ತು. ಮದುವೆ ಕಾರ್ಡಿಗೆ 300 ಬೇಕು ನಿಜ, ಕೈಯಲ್ಲಿ ಹಿಡಿದು ನೋಡ್ತೀವಿ. ರಸ್ತೆ ಮೇಲೆ ಕಟ್ಟಿ ಕೆಳಗಿಂದ ನೋಡೋ ಬ್ಯಾನರಿಗೆ 72 ಸಾಕು ಅನ್ನೋದು ಈ ಕಸುಬಿನಲ್ಲಿ ಎಲ್ಲರೂ ಮಾಡೋದೇ. ಹುಡುಗ ಮದುವೆ ಕಾರ್ಡಿನ ಅಂಗಡಿಯಿಂದ ಹೊಸದಾಗಿ ಬಂದವನು. 72ಕ್ಕೆ ಇಳಿಸಿದ್ರೆ ಅದೇ ಪದರ 570 ಎಂಬಿ. 17 ಪಟ್ಟು ಕಮ್ಮಿ.

ಈ ಮಾತು ಯಾವ ಮೀಟರೂ ಹೇಳಲಿಲ್ಲ, ಅದನ್ನ ಒಪ್ಪಿಕೊಳ್ಳಬೇಕು. ರೊಕ್ಕ ಎಲ್ಲಿ ಹೋಗ್ತಿದೆ ಅಂತ ಕಿರ್ದಿ ತೋರಿಸುತ್ತೆ. ಆ ಖರ್ಚು ಬೇಕಿತ್ತಾ ಅಂತ ಅಂಗಡಿಯವನೇ ಕೇಳ್ಕೋಬೇಕು. ಆದರೆ ಕಿರ್ದಿ ನೋಡದೇ ಇದ್ದಿದ್ರೆ ನಾವು ಅಳತೆ ತನಕ ಹೋಗ್ತಾನೇ ಇರಲಿಲ್ಲ. ಬೆಳಗ್ಗೆ ಎದ್ದು ಕಂಪ್ಯೂಟರ್ ತರೋಕೆ ಹೊರಡ್ತಿದ್ವಿ. ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸೋದು, ತಿರುಗೋ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸೋದು ಒಳ್ಳೇ ಕೆಲಸವೇ. ಜಾತ್ರೆ ಮುಗಿದ ಮೇಲೆ ಎಸ್‌ಎಸ್‌ಡಿ ಹಾಕಿಸಿದ್ರು ಕೂಡ. ಆದರೆ ಆ ರಾತ್ರಿ ಬೇಕಿದ್ದದ್ದು ಅದಲ್ಲ.

2 ಗಂಟೆ ಹೊತ್ತಿಗೆ ಎಫಿಷಿಯೆನ್ಸಿ 100 ತೋರಿಸ್ತು. ಚಿಕ್ಕಪ್ಪ ಅರ್ಜಿ ಹಾಳೆಯನ್ನ ಹಿಂದುಮುಂದು ತಿರುಗಿಸಿ, ಖಾಲಿ ಬದೀಲಿ ಸ್ಕೆಚ್ ಪೆನ್ನಿನಿಂದ 'ಬ್ಯಾನರ್ 72, ಕಾರ್ಡು 300' ಅಂತ ಬರೆದು ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದ್ರು. ಅದು ಇವತ್ತಿಗೂ ಅಲ್ಲೇ ಇದೆ. ರಾಕೆಟ್ ತೆಗೆದದ್ದಕ್ಕೆ ಮಾತ್ರ ಅವರಿಗೆ ಇನ್ನೂ ಸ್ವಲ್ಪ ಬೇಜಾರು. ಮೊನ್ನೆ ಹೋದಾಗ ಕೇಳಿದ್ರು: 'ಅದು ಟಿಂಗ್ ಅಂತಿತ್ತಲ್ಲೋ, ಬರೀ ಆ ಸದ್ದು ಬರೋ ಹಾಗೆ ಮಾಡಕ್ಕಾಗುತ್ತಾ?'

ಮುಂದಿನ ಸಂಚಿಕೆ ಜಾತ್ರೆ ಮುಗಿದ ಮೇಲೆ. ಸಿಗೋಣ.